ಹಿಂದಿನ ಬ್ರೇಕಿಗೆ ಜೋಳದ ಹಿಟ್ಟು

ಅಮರೇಶಪ್ಪ: ಬ್ರೇಕಿಗೇನು ಕೈಕಾಲು ಅದಾವೇನು? ನಿನ್ನೆ ಸಂಜಿಗೆ ನಾನಽ ಸಡ್ಲ ಮಾಡಿಟ್ಟೀನಿ. ಈಗ ನೋಡಿದ್ರ ಗಾಲಿ ತಿರುಗವಲ್ದು!

ಉಮಾಬಾಯಿ: ಮೊದಲ ತಲಿ ಒರಸ್ಕೊಳ್ರಿ. ನೆಗಡಿ ಹತ್ತತೈತಿ.

ಹೈದರಾಬಾದಿನ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನ ಹಿತ್ತಲು, ಭಾನುವಾರದ ಬೆಳಗು. ಟ್ಯಾಂಕಿನ ನೀರು ಕೈಕೊಟ್ಟಿದ್ದರಿಂದ ಅಮರೇಶಪ್ಪನವರು ಅರ್ಧ ಸ್ನಾನದಲ್ಲೇ ಎದ್ದು ಬಂದಿದ್ದರು. ಕಿವಿಯ ಹಿಂದೆ ಸೋಪು ಹಾಗೇ ಇತ್ತು. ವಾರವೆಲ್ಲ ಟಿಕೆಟ್ ಕಿಟಕಿಯ ಹಿಂದೆ ಕೂತು ಕಂಡವರನ್ನೆಲ್ಲ ಊರಿಗೆ ಕಳಿಸುವ ಈ ಮನುಷ್ಯ, ತಿಂಗಳಿಗೊಂದು ಭಾನುವಾರ ತಮ್ಮ ಹಳದಿ ಬಣ್ಣದ ಹಳೇ ಕಾರನ್ನು ರೇಸಿಗೆ ಬಿಡುತ್ತಿದ್ದರು. ದೊಡ್ಡ ರೇಸೇನಲ್ಲ ಬಿಡಿ. ಊರಾಚೆಯ ಮೈದಾನದಲ್ಲಿ ಹವ್ಯಾಸಿಗಳು ಸೇರಿ, ಕೆಂಪು ಕೋನುಗಳ ನಡುವೆ ಒಬ್ಬೊಬ್ಬರೇ ಸುತ್ತು ಹೊಡೆಯುವುದು, ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದಂತೆ. ಈಚಿನ ಮೂರು ರೇಸುಗಳಲ್ಲೂ ಅಮರೇಶಪ್ಪನವರದೇ ಕಟ್ಟಕಡೆಯ ಸ್ಥಾನ, ಹಿಂದಿನ ಗಾಲಿಗಳಿಂದ ಸುಟ್ಟ ವಾಸನೆ ಬೇರೆ. ಇವತ್ತೂ ಹಾಗೇ ಆದರೆ ಏನು ಗತಿ ಎನ್ನುವುದನ್ನು ಅವರು ಹೆಂಡತಿ ಉಮಾಬಾಯಿಗೆ ಹೇಳಿರಲಿಲ್ಲ.

ಅಮರೇಶಪ್ಪ: ನಿನ್ನೆ ಹಿಂದಿನ ಗಾಲಿ ಜಾಕಿನ ಮ್ಯಾಲ ಎತ್ತಿಟ್ಟು, ಬ್ರೇಕಿನ ಡ್ರಮ್ ಬಿಚ್ಚಿ, ಒಳಗಿನ ಧೂಳೆಲ್ಲಾ ಹಸಿ ಬಟ್ಟೀಲೆ ಒರಸಿ, ಬ್ರೇಕಿನ ಶೂ ಉಜ್ಜಿ, ಮತ್ತ ಜೋಡಿಸೀನಿ.

ಉಮಾಬಾಯಿ: ಬಟ್ಟಿ ಅಲ್ರಿ ಅದು, ನನ್ನ ರೊಟ್ಟಿ ಸುತ್ತೋ ಹೊಸಾ ಅರಿವಿ.

ಅಮರೇಶಪ್ಪ: ಅರಿವಿ ಸುದ್ದಿ ಆಮ್ಯಾಲ ಮಾತಾಡೂಣು! ಈ ಬ್ರೇಕ್ ಯಾಕ ಬಿಗಿ ಆತು?

ಉಮಾಬಾಯಿ: ಹಳೇ ಗಾಡಿ. ತಂಡಿಗೆ ಹಿಡ್ಕೊಂಡಿರಬೇಕು. ನಿಮ್ಮ ಮೊಣಕಾಲು ಹಿಡ್ಕೊಳ್ಳಾಂಗಿಲ್ಲೇನು?

ಅಮರೇಶಪ್ಪ: ಮೊಣಕಾಲಿಗೆ ಹಲ್ಲಿನ ಚಕ್ರ ಇರಾಂಗಿಲ್ಲ, ಇದಕ್ಕೈತಿ! ಹಿಂದಿನ ಕಿಂಡ್ಯಾಗ ಸ್ಕ್ರೂಡ್ರೈವರ್ ತೂರಿಸಿ ಒಂದೊಂದಽ ಹಲ್ಲು ತಿರುವಬೇಕು. ಈ ಕಡೆ ತಿರುವಿದ್ರ ಶೂ ಹೋಗಿ ಡ್ರಮ್ಮಿಗೆ ಅಪ್ಕೊಂತಾವು, ಆ ಕಡೆ ತಿರುವಿದ್ರ ಬಿಡತಾವು. ತಂತಾನ ಇಷ್ಟು ಬಿಗಿ ಆಗಾಂಗಿಲ್ಲ. ಯಾರೋ ತಿರುವ್ಯಾರ!

ಉಮಾಬಾಯಿ: ಇಲಿ ಇರಬೇಕ್ರಿ.

ಅಮರೇಶಪ್ಪ: ಸ್ಕ್ರೂಡ್ರೈವರ್ ಹಿಡಿಯೋ ಇಲಿ?

ಉಮಾಬಾಯಿ: ಹೈದರಾಬಾದಿನ ಇಲಿ ರೀ. ಏನ್ ಹೇಳಾಕ ಬರತೈತಿ?

ಅಷ್ಟರಲ್ಲಿ ಗೇಟು ತೆರೆದ ಸದ್ದಾಯಿತು. ಪಕ್ಕದ ಕ್ವಾರ್ಟರ್ಸಿನ ಸಂಗಣ್ಣ ಬಂದ. ಪಾರ್ಸಲ್ ಆಫೀಸಿನವನು, ಅಮರೇಶಪ್ಪನವರ ಹಳೇ ದೋಸ್ತ. ಯಾವ ರೇಸನ್ನೂ ತಪ್ಪಿಸಿಕೊಳ್ಳುವವನಲ್ಲ, ಊಟವನ್ನಂತೂ ಅಲ್ಲವೇ ಅಲ್ಲ.

ಸಂಗಣ್ಣ: ವೈನೀ, ಮಂಡಕ್ಕಿ ಒಗ್ಗರಣಿ ಆತೇನ್ರಿ?

ಅಮರೇಶಪ್ಪ: ಬಂದ ನೋಡು ಕಳ್ಳ!

ಸಂಗಣ್ಣ: ಇನ್ನಾ ತಿಂದಽ ಇಲ್ಲಪಾ, ಕಳ್ಳ ಹೆಂಗಾದೆ?

ಅಮರೇಶಪ್ಪ: ನನ್ನ ಬ್ರೇಕ್ ಬಿಗಿ ಮಾಡಿದವ ನೀನಽ! ನಾ ಸೋತ್ರ ಲಾಭ ಯಾರಿಗೆ, ಹೇಳು?

ಸಂಗಣ್ಣ: ಲಾಭ ನನಗಽ. ಆದ್ರ ಖರೇ ಹೇಳ್ತೀನಿ ಭಾಯ್, ನಿನ್ನ ಸೋಲಸಾಕ ಮತ್ತೊಬ್ಬರು ತ್ರಾಸ್ ತಗೊಳ್ಳೋ ಜರೂರತ್ತಽ ಇಲ್ಲ.

ಉಮಾಬಾಯಿ: ಎಂಥಾ ಲಾಭರಿ?

ಇಬ್ಬರೂ: ಏನಿಲ್ಲ, ಏನಿಲ್ಲ!

ಅಮರೇಶಪ್ಪನವರು ಗಡಿಬಿಡಿಯಿಂದ ಕಾರಿನ ಕೆಳಗೆ ಕೈಯಾಡಿಸಿ ಸ್ಕ್ರೂಡ್ರೈವರನ್ನು ಎಳೆದು ತೆಗೆದರು. ಹಿಡಿಗೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

ಅಮರೇಶಪ್ಪ: ಸಿಕ್ಕಿಬಿದ್ದಿ ಮಗನ! ಇದು ನಿನ್ನ ಮುಖದ ಪೌಡರ್. ದಿನಾ ಗ್ವಾಡಿಗೆ ಸುಣ್ಣ ಬಳಿದಂಗ ಬಳ್ಕೊಂಡು ಬರ್ತೀ.

ಸಂಗಣ್ಣ ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿದ, ಮೂಸಿದ, ಕಡೆಗೆ ನಾಲಿಗೆಯ ತುದಿಗೂ ಹಚ್ಚಿಕೊಂಡ.

ಸಂಗಣ್ಣ: ಪೌಡರ್ ಅಲ್ಲ ಭಾಯ್. ಇದು ಜ್ವಾಳದ ಹಿಟ್ಟು. ನಮ್ಮ ಸೊಸಿ ತೆಲುಗಿನಾಕಿ, ರೊಟ್ಟಿ ಬಡಿಯಾಂಗಿಲ್ಲ. ನಮ್ಮನ್ಯಾಗ ಈ ಹಿಟ್ಟಿನ ಮುಖ ನೋಡಿ ಎಷ್ಟೋ ದಿನ ಆತು.

ಇಬ್ಬರೂ ನಿಧಾನವಾಗಿ ತಿರುಗಿ ನೋಡಿದರು. ಉಮಾಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದರು.

ಅಮರೇಶಪ್ಪ: ಉಮಾ!

ಉಮಾಬಾಯಿ: ಹೌದ್ರಿ, ನಾನಽ. ಈ ಮೂರೂ ರೇಸಿಗೆ ನಾನಽ. ನೀವು ಜಳಕದ ಮನ್ಯಾಗ ಹಾಡು ಶುರು ಮಾಡತೀರಿ. ಹಾಡು ಮುಗಿಯೋದ್ರಾಗ ಎರಡೂ ಗಾಲಿ ಬಿಗಿ ಆಗಿರತಾವು. ಇವತ್ತ ನೀರು ಹೋಗಿ ಘಾತ ಆತು.

ಅಮರೇಶಪ್ಪ: ನಿನಗ ಇದನ್ನ ಕಲಿಸಿದವರು ಯಾರು?

ಉಮಾಬಾಯಿ: ನೀವಽ! ಹಾಲಿನವಗ, ಗ್ಯಾಸಿನವಗ, ಬಂದವರಿಗೆಲ್ಲಾ ಕಾರಿನ ಕೆಳಗ ಮಲಗಿಸಿ ತೋರಸ್ತೀರಿ. ನಾ ಏನ್ ಕಿವುಡಿ ಏನು?

ಅಮರೇಶಪ್ಪನವರ ಮುಖ ಸಣ್ಣದಾಯಿತು. ಸಂಗಣ್ಣ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ತಮ್ಮ ಮನೆಯೊಳಗಿನವರೇ ಹೀಗೆ ಮಾಡಿದರಲ್ಲ ಎಂದು ಅವರಿಗೆ ನಿಜಕ್ಕೂ ನೋವಾಯಿತು.

ಅಮರೇಶಪ್ಪ: ನಾ ಸೋಲೋದು ನೋಡಾಕ ನಿನಗಷ್ಟು ಖುಷಿ ಏನು?

ಉಮಾಬಾಯಿ: ಯಾರಿಗೆ ಬೇಕ್ರಿ ನಿಮ್ಮ ಸೋಲು? ಮೊದಲ ರೇಸಿನ್ಯಾಗ ಎಲ್ಲಾ ಸಡ್ಲ ಮಾಡ್ಕೊಂಡು ಹೋಗಿದ್ರಿ. ಬ್ರೇಕ್ ತುಳಿದ್ರಿ, ತುಳಿದ್ರಿ, ಆ ಟೈರ್ ಒಟ್ಟಿದ ಗ್ವಾಡಿ ಮುಟ್ಟೋಮಟ ಗಾಡಿ ನಿಲ್ಲಲಿಲ್ಲ. ಜೀವ ಬಾಯಿಗೆ ಬಂದಿತ್ತು ನನಗ. ಭಾಳ ಅಂಜಿಕಿ ಬಂತ್ರಿ. ನಿಮಗ ಜೋರಾಗಿ ಓಡೋದು ಬೇಕು, ನನಗ ನೀವು ಮನಿಗೆ ಬರೋದು ಬೇಕು.

ಅಮರೇಶಪ್ಪನವರು ಟವೆಲಿನಿಂದ ಕಿವಿಯ ಸೋಪು ಒರೆಸಿಕೊಳ್ಳುತ್ತ ನಿಂತರು. ಸಂಗಣ್ಣನ ಬಾಯಿ ಮಾತ್ರ ಸುಮ್ಮನಿರಬೇಕಲ್ಲ!

ಸಂಗಣ್ಣ: ವೈನಿ ಇಷ್ಟು ಅಂಜತಾರಂದ್ರ ಬಿಗೀನಽ ಇರಲಿ ಬಿಡಪಾ. ಸಂಜಿಗೆ ಕೀಲಿ ನನ್ನ ಕೈಯಾಗ ಕೊಟ್ಟಬಿಡು.

ಉಮಾಬಾಯಿ: ಯಾವ ಕೀಲಿ?

ಸಂಗಣ್ಣ: ಕಾರಿಂದು! ಇವತ್ತೂ ಕಡೇದಾಗಿ ಬಂದ್ರ ಕಾರು ನನಗಽ ಮಾರತೀನಂತ ಇರಾನಿ ಹೋಟೆಲಿನ್ಯಾಗ ಎಲ್ಲಾರ ಮುಂದ ಮಾತು ಕೊಟ್ಟಾನಲ್ರಿ. ಮ್ಯಾಲ ಕ್ಯಾರಿಯರ್ ಹಾಕಸ್ತೀನಿ. ಮೋಂಡಾ ಮಾರ್ಕೆಟ್ಟಿಂದ ಬದ್ನಿಕಾಯಿ ಮೂಟಿ ತರಾಕ ಭಾಳ ಅನುಕೂಲ.

ಅಮರೇಶಪ್ಪ: ಮುಚ್ಚೋ ಬಾಯಿ!

ಉಮಾಬಾಯಿ: ಮಾರೋದು? ನನ್ನ ಕೇಳದಽ? ಹಂಗಾದ್ರ ನಾ ಎಲ್ಲಿಗೆ ಹೋಗ್ಲಿ?

ಅಮರೇಶಪ್ಪ: ನೀ ಎಲ್ಲಿಗೆ ಹೋಗಬೇಕು? ಮನ್ಯಾಗ ಇರು.

ಉಮಾಬಾಯಿ: ಮನ್ಯಾಗ ಇರೋದಽ ಐತಲ್ರಿ ವಾರಗಟ್ಟಲೆ, ಈ ಗ್ವಾಡಿ ನೋಡ್ಕೋತ! ರೇಸಿನ ಮೈದಾನಕ್ಕ ಹೋದ್ರ ಆ ಮಾದಾಪುರದ ರೇಣುಕಾ ಹೆಲ್ಮೆಟ್ ತೆಗದಾಕಿನಽ ‘ಉಮಕ್ಕಾ, ಒಗ್ಗರಣಿ’ ಅಂತ ಓಡಿ ಬರತಾಳ. ಗೆದ್ದವರು, ಸೋತವರು, ಎಲ್ಲಾರೂ ನನ್ನ ಡಬ್ಬಿ ಸುತ್ತ ಕುಂತು ನಗತಾರ. ನನಗಿರೋದು ಅದೊಂದಽ ಸಂತೋಷ. ಅದನ್ನ ಬದ್ನಿಕಾಯಿಗೆ ಮಾರತೀರೇನು? ಸರೀರಿ ಆ ಕಡೆ!

ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಕ್ರೂಡ್ರೈವರ್ ಕಸಿದುಕೊಂಡು ಉಮಾಬಾಯಿ ಕಾರಿನ ಹಿಂದೆ ಕೂತೇಬಿಟ್ಟರು. ಟಿಕ್. ಟಿಕ್. ಟಿಕ್. ಒಂದು ಗಾಲಿ ಮುಗಿಯಿತು, ಇನ್ನೊಂದಕ್ಕೆ ಹೋದರು.

ಅಮರೇಶಪ್ಪ: ಶಾಭಾಸ್! ಹಂಗಽ, ಹಂಗಽ... ಹಾಂ, ಸಾಕು.

ಟಿಕ್. ಟಿಕ್.

ಅಮರೇಶಪ್ಪ: ಉಮಾ, ಸಾಕಂದೆ! ಬ್ರೇಕೂ ಹಿಡೀಬೇಕಲ್ಲ!

ಉಮಾಬಾಯಿ: ಯಾಕ ಹಿಡೀಬೇಕು? ಓಡ್ರಿ!

ಅಮರೇಶಪ್ಪ: ಮುಂದ ಗ್ವಾಡಿ ಐತಲ್ಲೇ!

ಉಮಾಬಾಯಿ: ಟೈರಿನ ಗ್ವಾಡಿ ಅಲ್ಲೇನ್ರಿ? ಮೆತ್ತಗಿರತೈತಿ.

ಸಂಗಣ್ಣ: ಹೋತು ನನ್ನ ಕ್ಯಾರಿಯರ್!

ಉಮಾಬಾಯಿ ಕೈ ಕೊಡವಿಕೊಂಡು ಒಳಗೆ ಹೋದರು. ಸೋತ ಮುಖದ ಸಂಗಣ್ಣನೂ ಒಗ್ಗರಣೆಯ ವಾಸನೆ ಹಿಡಿದು ಅವರ ಹಿಂದೆಯೇ ನಡೆದ. ಅಮರೇಶಪ್ಪನವರು ಜಾಕಿನ ಮೇಲಿದ್ದ ಗಾಲಿಗೆ ಒಂದು ಬೆರಳು ತಾಗಿಸಿದರು. ಅದು ಸೀಲಿಂಗ್ ಫ್ಯಾನಿನಂತೆ ತಿರುಗತೊಡಗಿತು, ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಇಷ್ಟು ದಿನ ಇದನ್ನೇ ಬಯಸಿದ್ದವರು ಈಗ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಮಲಗಿ, ಕಿಂಡಿಗೆ ಸ್ಕ್ರೂಡ್ರೈವರ್ ತೂರಿಸಿದರು. ಟಿಕ್.

ಉಮಾಬಾಯಿ (ಅಡುಗೆಮನೆಯ ಕಿಟಕಿಯಿಂದ): ಎಷ್ಟು ಹಲ್ಲು ತಿರುವಿದ್ರಿ?

ಅಮರೇಶಪ್ಪ: ಒಂದಽ, ಉಮಾ.

ಉಮಾಬಾಯಿ: ಯಾವ ಕಡೆ?

ಅಮರೇಶಪ್ಪ: ...ಬಿಗಿ.

ಒಳಗೆ ಸಾಸಿವೆ ಚಟಪಟ ಸಿಡಿದು ಸುಮ್ಮನಾಯಿತು.

ಉಮಾಬಾಯಿ: ಇನ್ನೊಂದು ತಿರುವ್ರಿ. ಆ ಕಡೆ ಗಾಲಿಗೂ ಅಷ್ಟಽ ಮಾಡ್ರಿ. ಮೊದಲನೇ ನಂಬರ್ ಏನು ಬ್ಯಾಡ, ಕಡೇಯಿಂದ ಎರಡನೇದಾಗಿ ಬರ್ರಿ, ಸಾಕು!