ಕಂಪ್ಯೂಟರಿಗೆ ಟೇಪು ಹಿಡಿದ ಚಾಚಾ

ನಮ್ಮ ಓಣಿಯ ಚಾಚಾನ ಕೈಗೆ ಮಾತ್ರ ನಿಮ್ಮ ಫೋಟೋ ಕೊಡಬೇಡಿ. ಕೊಟ್ಟಿರೋ, ನಿಮ್ಮ ಮುಖವನ್ನು ನೀವೇ ಹುಡುಕಬೇಕಾದೀತು! ಬಳ್ಳಿ, ನವಿಲು, ಕಮಲ, ಮತ್ತೆ ಬಳ್ಳಿ. ಇವನ್ನೆಲ್ಲ ದಾಟಿದ ಮೇಲೆ ನಡುವೆ ಎಲ್ಲೋ ಕಡಲೆಕಾಳಿನಷ್ಟು ನೀವು.

ಚಾಚಾ ಬೆಟಗೇರಿಯಲ್ಲಿ ನಲವತ್ತು ವರ್ಷ ಫೋಟೋಗಳಿಗೆ ಕಟ್ಟಿಗೆಯ ಕಟ್ಟು, ಅಂದರೆ ಫ್ರೇಮು, ಹಾಕಿದವರು. ಈಗ ಜನ ಫೋಟೋವನ್ನು ಗೋಡೆಗೆ ಎಲ್ಲಿ ಹಾಕುತ್ತಾರೆ? ಸ್ಟೇಟಸ್ಸಿಗೆ ಹಾಕುತ್ತಾರೆ. ಚಾಚಾ ಸೋಲುವ ಪೈಕಿಯೇ? ಗರಗಸವನ್ನು ಗೂಟಕ್ಕೆ ಹಾಕಿ, ಮಗಳ ಹತ್ತಿರ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಕಲಿತರು. ಕಲಿತರೇನೋ ನಿಜ, ಕೈ ಮಾತ್ರ ಹಳೆಯದೇ! ಮಾನಿಟರಿಗೆ ಟೇಪು ಹಿಡಿದು ಅಳೆಯುತ್ತಾರೆ. ನಾಲ್ಕು ಪಟ್ಟಿ ಬೇರೆ ಬೇರೆ ಬರೆದು, ಮೂಲೆ ಓರೆಯಾಗಿ ಕತ್ತರಿಸಿ, ಕೂಡಿಸಿ, ಕೊನೆಗೆ ಮೇಲೊಂದು ಕೊಂಡಿ ಬರೆಯುತ್ತಾರೆ.

"ಚಾಚಾ, ಫೋನಿನಾಗ ನೋಡೋ ಫೋಟೋಕ್ಕ ಕೊಂಡಿ ಯಾಕ್ರಿ?" ಎಂದು ಕೇಳಿದೆ.

"ಮತ್ತ ಜೋತು ಹಾಕೋದು ಎಲ್ಲಿ, ನಿನ್ನ ಕೊಳ್ಳಾಗೇನು?" ಎಂದರು.

ಶಿರಹಟ್ಟಿಯ ಹುಡುಗನೊಬ್ಬ ನೌಕರಿಯ ಅರ್ಜಿಗೆಂದು ಇವರ ಹತ್ತಿರ ಫೋಟೋ ಮಾಡಿಸಿಕೊಂಡು ಹೋದ. ಅರ್ಜಿಯನ್ನು ಕಂಪ್ಯೂಟರು ಮೂರು ಸಲ ಉಗುಳಿತು. ನೋಡಿದರೆ ಸುತ್ತ ಬೀಟೆಯ ಬಣ್ಣದ ಕಟ್ಟು, ಮೂಲೆಗೊಂದು ನವಿಲು! ಹುಡುಗ ಓಡಿ ಬಂದು ಕೂಗಾಡಿದ. ಚಾಚಾ ತಣ್ಣಗೆ, "ಸರಕಾರಕ್ಕ ಹೋಗೋ ಫೋಟೋ ಐತಿ. ಕಟ್ಟಿಲ್ಲದ ಕಳಸಿದ್ರ ಅಂಗಿ ಇಲ್ಲದ ಕಚೇರಿಗೆ ಹೋದಂಗ ಆಗ್ತೈತೆಪಾ" ಎಂದರು. ಚಾಚಿ ಒಳಗಿನಿಂದ ಬಂದು ಬೈದ ಮೇಲೆಯೇ ನವಿಲುಗಳು ಹಾರಿಹೋದದ್ದು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಅವ್ವ ಲಕ್ಷ್ಮೇಶ್ವರಕ್ಕೆ ಅಕ್ಕನ ಮನೆಗೆ ಹೋದದ್ದೇ ತಡ, ಅವ್ವ-ಅಪ್ಪನ ಮದುವೆಯ ಫೋಟೋ ಗೋಡೆಯಿಂದ ಇಳಿಸಿ ಚಾಚಾನ ಕೈಗಿಟ್ಟೆ! ಮಗ್ಗದ ಕೆಲಸ ಮಾಡುತ್ತಿದ್ದ ನಮ್ಮಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನು ಇರುವ ಫೋಟೋ ಅದೊಂದೇ. ಅದರ ಒಂದು ಬದಿಗೆ ಗೆದ್ದಲು ಹತ್ತಿತ್ತು. ಅವ್ವ ಬರುವುದರೊಳಗೆ ಸರಿಮಾಡಿಸಿ ಶಾಭಾಸ್ ಅನ್ನಿಸಿಕೊಳ್ಳುವ ಹಂಚಿಕೆ ನನ್ನದು.

ಎರಡು ದಿನ ಬಿಟ್ಟು ಕೇಳಲು ಹೋದೆ.

"ಫೋಟೋ ಗಾಜಿಗೆ ಹತ್ತಿಬಿಟ್ಟಿತ್ತು. ನೀರಾಗ ಇಟ್ಟೇನಿ," ಎಂದರು ಚಾಚಾ.

"ನೀರಾಗ!"

"ಜಲ್ದಿ ಮಾಡಿದ್ರ ಹರೀತೈತಿ. ತಾನ ಬಿಡಲಿ ತಡಿ."

ಮನೆಗೆ ಬಂದು ಗೋಡೆಯ ಖಾಲಿ ಮೊಳೆಯನ್ನೇ ನೋಡುತ್ತ ಕುಳಿತೆ. ಅವ್ವ ಬೇರೆ ಹೇಳಿದ ದಿನಕ್ಕಿಂತ ಮೊದಲೇ ಬಂದಳು. ಚೀಲ ಕೆಳಗಿಡುವ ಮೊದಲೇ ಗೋಡೆ ನೋಡಿದಳು.

"ನಿಮ್ಮಪ್ಪ ಎಲ್ಲಿ?"

ನಾನು ಅವಳ ಕೈಯ ಚೀಲ ಇಸಿದುಕೊಳ್ಳಲು ಹೋದೆ. ಅಷ್ಟರಲ್ಲಿ ಬಾಗಿಲಲ್ಲಿ ಚಾಚಾ! ಕಾಗದದ ಸುರುಳಿ ಬಿಚ್ಚಿ ಮೊದಲು ಹಳೆಯ ಫೋಟೋ ಕೊಟ್ಟರು. ಗೆದ್ದಲು ತಿಂದದ್ದು ಬಿಟ್ಟರೆ ಒಂದು ಚೂರೂ ಹರಿದಿರಲಿಲ್ಲ. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು!

ಆಮೇಲೆ ಹೊಸ ಪ್ರಿಂಟು ತೆಗೆದರು. ಗೆದ್ದಲು ತಿಂದ ಬದಿ ತುಂಬಿತ್ತು; ನವಿಲಿಲ್ಲ, ಬಳ್ಳಿಯಿಲ್ಲ, ಸುತ್ತ ಕಟ್ಟಿನ ಜಾಗದಲ್ಲಿ ಬರೀ ಸೀರೆಯಂಚಿನ ದಡಿ.

"ಅಕ್ಕಾರ, ನಿಮ್ಮ ಹೆಗಲ ಮ್ಯಾಲ ಬೆರಳಷ್ಟು ದಡಿ ಉಳಿದಿತ್ತರಿ. ಅದನ್ನ ನೋಡಿ ನೋಡಿ ಒಂದೊಂದ ಎಳಿ ಬರಕೋತ ಹೋದೆ," ಎಂದರು.

ಅವ್ವ ದಡಿಯ ಮೇಲೆ ಬೆರಳಿಟ್ಟು ಒಂದು ಸುತ್ತು ಸವರಿದಳು.

"ಈ ಸೀರಿ ಮದವಿಗಂತ ನಿಮ್ಮಪ್ಪ ತಾನ ನೇಯ್ದಿದ್ದ," ಎಂದಳು ನನಗೆ. ಇದನ್ನು ಅವಳು ಎಂದೂ ಹೇಳಿರಲಿಲ್ಲ. "ಸೀರಿ ಹರದು ಹೊದಿಯೋ ಕೌದಿ ಆತು. ಕೌದೀನೂ ಹರದು ಹೋತು."

ಚಾಚಾನಿಗೆ ಕುಳಿತುಕೊಳ್ಳಲು ಹೇಳಿ, ಚಹಾ ಮಾಡುತ್ತೇನೆಂದಳು. ಏಳಲಿಲ್ಲ. ಚಹಾ ಮಾಡಲು ನಾನೇ ಎದ್ದೆ. ಒಲೆಯ ಹತ್ತಿರ ನಿಂತಾಗ ಅವಳ ಮಾತು ಕೇಳಿಸಿತು.

"ಇಷ್ಟು ದಿನ ಗ್ವಾಡಿ ಮ್ಯಾಲ ಅವರ ಮಾರಿ ಅಷ್ಟ ಇತ್ರಿ ಅಣ್ಣಾರ. ಇವತ್ತ ನೇಯ್ದ ಕೈನೂ ಬಂತು."