ಟವೆಲಿನ ಕೆಳಗೆ ಕುದುರಿದ ಸಂಬಳ

ನಾನು ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್. ಕೆಲಸ ಶಿಕಾರಿಪುರದ ನಮ್ಮ ಬಾಡಿಗೆ ಮನೆಯಿಂದಲೇ. ಆಫೀಸು ಮಾತ್ರ ಅಡುಗೆಮನೆಯಲ್ಲಿ, ಏಕೆಂದರೆ ನೆಟ್‌ವರ್ಕ್ ಎಂಬ ಮಹಾನುಭಾವ ಅಲ್ಲಿ ಬಿಟ್ಟರೆ ಬೇರೆಲ್ಲೂ ದರ್ಶನ ಕೊಡುವುದಿಲ್ಲ. ನನ್ನ ಮೀಟಿಂಗ್ ಶುರುವಾದರೆ ಹೆಂಡತಿ ಸುಮಾ ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ.

"ನೋಡ್ರೀ, ಎದುರು ಮನೆ ಮಹಡಿ ಮೇಲೆ ರೂಮು ಖಾಲಿ ಐತೆ, ನೆಟ್‌ವರ್ಕೂ ಸಿಗ್ತೈತೆ. ಈ ಸಲ ಸಂಬಳ ಜಾಸ್ತಿ ಮಾಡಿಸ್ಕೊಂಡು ಅಲ್ಲಿಗೆ ಹೋಗ್ರಿ. ಇಲ್ಲಾಂದ್ರೆ ಅಡುಗೆನೂ ನೀವೇ ಮಾಡ್ರಿ" ಎಂದು ಅವಳು ಅಂತಿಮ ಸುತ್ತೋಲೆ ಹೊರಡಿಸಿದಳು.

ನನಗೆ ಭಯವೇ ಇರಲಿಲ್ಲ. ಸಂಬಳ ಕುದುರಿಸುವ ಬಗ್ಗೆ ರಾಶಿ ವಿಡಿಯೊ ನೋಡಿದ್ದೆ. ಸೀನಿಯರ್ ಮೇಲೆ ಲೀಡ್, ಲೀಡ್ ಮೇಲೆ ಆರ್ಕಿಟೆಕ್ಟ್. ಹುದ್ದೆ ಮುಂದೆ ನಡೆದರೆ ಸಂಬಳ ಗಾಡಿಯಂತೆ ಹಿಂದೆಯೇ ಉರುಳಿ ಬರುತ್ತದೆ! ಇಷ್ಟು ಪಾಂಡಿತ್ಯ ಸಾಲದೆಂದು ಸುಮಾಳ ಸೋದರಮಾವ ಬಸಣ್ಣನವರನ್ನು ಸೊರಬದಿಂದ ಕರೆಸಿದೆ. ಮಾವ ಎತ್ತಿನ ದಲ್ಲಾಳಿ. ಟವೆಲಿನ ಕೆಳಗೆ ಗುಟ್ಟಾಗಿ ಬೆರಳು ಹಿಡಿದೇ ರೇಟು ಕುದುರಿಸಿ, ನಿಲ್ಲಲಾರದ ಎತ್ತಿಗೂ ಒಳ್ಳೆಯ ಬೆಲೆ ತರುವ ಆಸಾಮಿ.

"ಬಾಯಿಬಿಟ್ಟು ರೇಟು ಹೇಳ್ಬಾರ್ದು ಮಾರಾಯ. ನಾನು ಪಕ್ಕದಲ್ಲೇ ಕೂತಿರ್ತೀನಿ. ಬೆರಳು ಒತ್ತಿದ್ರೆ ಸಾಲ್ದು ಅಂತ ತಿಳ್ಕೋ."

ಮಾವ ಕ್ಯಾಮೆರಾಗೆ ಕಾಣದಂತೆ ಕೆಳಗೆ ಮಣೆ ಹಾಕಿಕೊಂಡು ಕೂತರು. ನನ್ನ ಎಡಗೈ ಅವರ ಟವೆಲಿನೊಳಗೆ ಹೋಯಿತು. ಪರದೆಯ ಮೇಲೆ ಮ್ಯಾನೇಜರ್ ಮೇಡಂ ಪ್ರತ್ಯಕ್ಷರಾದರು. ಪುಣ್ಯಕ್ಕೆ ಕನ್ನಡದವರು ಎಂದುಕೊಂಡಿದ್ದೆ. ಪಾಪಕ್ಕೆ ಎಂದು ಆಮೇಲೆ ತಿಳಿಯಿತು.

"ಈ ವರ್ಷ ಎರಡು ಪರ್ಸೆಂಟ್ ಕೊಡ್ಬಹುದು" ಎಂದರು ಮೇಡಂ.

ಮಾವ ಬೆರಳು ಒತ್ತಿದರು. ಎತ್ತಿನ ಮೂಗುದಾರ ಎಳೆದೆಳೆದು ಪಳಗಿದ ಕೈ!

"ಅಯ್ಯಮ್ಮಾ!"

"ಅಷ್ಟು ಬೇಜಾರಾಯ್ತಾ? ಸರಿ, ನಾಲ್ಕು."

ಮಾವ ಇನ್ನೂ ಜೋರಾಗಿ ಒತ್ತಿದರು. ನನ್ನ ಕಣ್ಣಲ್ಲಿ ನೀರೇ ಬಂತು.

"ಅಯ್ಯೋ, ಅಳ್ಬೇಡ್ರಿ. ಎಂಟು ಕೊಡ್ಸೋಕೆ ನೋಡ್ತೀನಿ."

ಬುದ್ಧಿ ಇದ್ದವನು ಅಲ್ಲಿಗೆ ಹೂಂ ಅನ್ನುತ್ತಿದ್ದ. ಮಾವನೂ ಬೆರಳು ಸಡಿಲಿಸಿದರು. ನಾನು ಮಾತ್ರ ಗಂಟಲು ಸರಿಮಾಡಿಕೊಂಡು, "ಮಾರುಕಟ್ಟೆಯಲ್ಲಿ ನನ್ನ ಮೌಲ್ಯ ಇಪ್ಪತ್ತು" ಎಂದು ಘೋಷಿಸಿದೆ!

ಮೇಡಂ ಮುಖ ಗಂಟಾಯಿತು. "ಹಾಗಾದ್ರೆ ಬಿಡಿ, ಈ ವಿಷಯ ಇಲ್ಲಿಗೇ ನಿಲ್ಸೋಣ."

ಗಿರಾಕಿ ಎದ್ದು ಹೊರಟರೆ ದಲ್ಲಾಳಿಯ ಜೀವ ತಡೆಯುತ್ತದೆಯೇ? ಅವನಿಗೆ ಮಾರುವವನೂ ಒಂದೇ, ಕೊಳ್ಳುವವನೂ ಒಂದೇ. ವ್ಯಾಪಾರ ಮುರಿಯಬಾರದು, ಅಷ್ಟೆ. ಮಾವ ದಡಕ್ಕನೆ ಎದ್ದು ನನ್ನನ್ನು ಪಕ್ಕಕ್ಕೆ ತಳ್ಳಿ ಪರದೆ ತುಂಬ ನಿಂತರು.

"ಅಮ್ಮಾ, ಏಳ್ಬೇಡಿ! ನಾನು ಮಧ್ಯಸ್ಥ. ಇವ್ನ ಮಾತು ಬೇಡ, ನಿಮ್ಮ ಮಾತೂ ಬೇಡ. ಮುಚ್ಚಿಟ್ಟು ವ್ಯಾಪಾರ ಮಾಡೋನಲ್ಲ ನಾನು, ಇವ್ನಲ್ಲೂ ದೋಷ ಉಂಟು. ಮಧ್ಯಾಹ್ನ ಉಂಡ ಮೇಲೆ ಮಲಗ್ತಾನೆ."

"ಕೆಲಸದ ಹೊತ್ತಿನಲ್ಲಾ?"

"ಆ ಹೊತ್ತಲ್ಲೇ! ಹಾಗಂತ ಹಾಯೋದು, ಒದೆಯೋದು ಎಂಥದೂ ಇಲ್ಲ. ಭಾಳ ಸಾಧು."

"ಹಾಗಾದ್ರೆ ಎರಡೇ ಪರ್ಸೆಂಟ್. ಬೇಕಾದ್ರೆ ಲೀಡ್ ಇಂಜಿನಿಯರ್ ಅನ್ನೋ ಹುದ್ದೆ ಕೊಡ್ತೀನಿ."

"ಅದಕ್ಕೆ ನಿಮ್ಗೆ ಖರ್ಚೆಷ್ಟು?"

"ಏನೂ ಇಲ್ಲ" ಎಂದು ಮೇಡಂ ನಕ್ಕರು.

"ಮತ್ತೆ ಕೊಟ್ಬಿಡಿ! ಕೊಂಬಿಗೆ ಗೊಂಡೆ ಕಟ್ದಂಗೆ, ನೋಡೋಕೆ ಚಂದ. ಮುಗೀತು ವ್ಯಾಪಾರ!"

ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಕೈಮುಗಿದು ಕರೆ ಮುಗಿಸಿದ್ದರು. ಮಾರಾಟವಾದ ಎತ್ತನ್ನು ಯಾರು ಕೇಳುತ್ತಾರೆ?

ಗೊಂಡೆ ಬಂತು. ಅದರ ಜೊತೆಗೆ ನಾಲ್ವರು ಹೊಸ ಹುಡುಗರೂ ಬಂದರು. ಅವರ ತಪ್ಪುಗಳೆಲ್ಲ ಈಗ ನನ್ನವು. ಎದುರು ಮನೆಯ ರೂಮು ಟ್ಯೂಷನ್ ಮೇಷ್ಟ್ರ ಪಾಲಾಯಿತು.

ಲೀಡ್ ಆದ ಮೊದಲ ದಿನ ಸುಮಾ ಸೌಟನ್ನು ತಂದು ನನ್ನ ಲ್ಯಾಪ್‌ಟಾಪ್ ಮೇಲಿಟ್ಟಳು.

"ಇವತ್ತಿಂದ ಅಡುಗೆಮನೆಗೂ ನೀವೇ ಲೀಡ್ ರೀ. ಸಂಬಳ ಮಾತ್ರ ಕೇಳ್ಬ್ಯಾಡ್ರಿ."

ನಾನು ಚೌಕಾಸಿ ಮಾಡಲಿಲ್ಲ. ಸಾರಿಗೆ ಉಪ್ಪು ಎಷ್ಟು ಎಂದಷ್ಟೇ ಕೇಳಿದೆ.