ಸಿಹಿ ಒರತೆಯ ಮೇಲೆ ನಿಂತ ಕಂಬದ ಕುರಿತು

ಡೋಣಿ ಹೊಳೆಯ ನೂರು ವರ್ಷಗಳ ಪಾಲನಾ ಯೋಜನೆಯ ಅಧ್ಯಕ್ಷರಿಗೆ,

ಮಾನ್ಯರೇ,

‘ಹೊಳೆಯು ತನ್ನ ದಾರಿಯ ತಾನೆ ಬಲ್ಲುದು’ ಎಂಬ ಸಾಲನ್ನು ಎಂ.ಎ. ಓದುವಾಗ ಎಲ್ಲೋ ಕಂಡ ನೆನಪು. ಕೊನೆಯಲ್ಲಿ ‘ಬಲ್ಲುದು’ ಎಂದಿತ್ತೋ ‘ಬಲ್ಲುದೆ?’ ಎಂದಿತ್ತೋ ಈಗ ಹೇಳಲಾರೆ. ಇಷ್ಟು ವರ್ಷ ಅದನ್ನು ನಂಬಿಕೊಂಡೇ ಬಂದೆ. ೧೯೭೬ರಿಂದ ೨೦೭೬ರವರೆಗಿನ ತಮ್ಮ ಇನ್ನೂರ ಹನ್ನೆರಡು ಪುಟಗಳ ಯೋಜನೆಯನ್ನು ವಿಜಾಪುರದ ವಾಚನಾಲಯದಲ್ಲಿ ಕೂತು ಓದಿದ ಮೇಲೆ, ಹೊಳೆಗೆ ಏನೂ ಗೊತ್ತಿರಲಿಲ್ಲವೆಂದು ಮನವರಿಕೆಯಾಯಿತು. ಈ ಉಪಕಾರಕ್ಕಾಗಿ ಡೋಣಿಯ ಎರಡೂ ದಂಡೆಯವರ ಪರವಾಗಿ, ಬೇಸಿಗೆಯಾದ್ದರಿಂದ ನಟ್ಟನಡುವೆ ನಿಂತವರ ಪರವಾಗಿಯೂ, ತಮಗೆ ವಂದನೆಗಳು.

ಟಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ನಮ್ಮ ಸಣ್ಣ ಊರಿನ ಸಂಗತಿ ತಮಗೆ ತಿಳಿಯದಿರಬಹುದು. ಡೋಣಿಯ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಆದರೆ ಹೊಳೆ ಬತ್ತಿದ ಮೇಲೆ ಉಸುಕಿನಲ್ಲಿ ಎಲ್ಲೋ ಒಂದು ಕಡೆ ಮೊಣಕಾಲುದ್ದ ತೋಡಿದರೆ ಸಿಹಿ ಒರತೆ ಸಿಗುತ್ತದೆ. ಆ ಜಾಗ ಪ್ರತಿ ವರ್ಷ ಬದಲಾಗುತ್ತದೆ, ಅದನ್ನು ಹುಡುಕಬಲ್ಲವರು ಊರಿಗೆ ಒಬ್ಬರೇ, ನನ್ನ ನೆರೆಮನೆಯ ಸುಗರಾಬಿ. ಹಸಿ ಉಸುಕನ್ನು ಚಿಟಿಕೆಯಷ್ಟು ನಾಲಿಗೆಯ ಮೇಲಿಟ್ಟು ನಡೆಯುತ್ತಾರೆ, ಉಗುಳುತ್ತಾರೆ, ಮತ್ತೆ ನಡೆಯುತ್ತಾರೆ. ಉಗುಳದೆ ನಿಂತಲ್ಲಿ ಊರು ತೋಡುತ್ತದೆ. ಮೊದಲ ಕೊಡವನ್ನು ಊರವರು ಮುಟ್ಟುವಂತಿಲ್ಲ, ಅದು ಹಾದಿಯಲ್ಲಿ ಬಂದ ಪರಸ್ಥಳದವರಿಗೆ. ಹೊರಗಿನವರು ಕುಡಿಯದ ಒರತೆ ತಿಂಗಳೊಳಗೆ ಸವಳಾಗುತ್ತದೆಂಬುದು ನಮ್ಮವರ ನಂಬಿಕೆ.

ಈ ವರ್ಷ ಹಾಗೆ ಬಂದ ಪರಸ್ಥಳದವರು ತಮ್ಮ ಅಳತೆಯ ಸಿಬ್ಬಂದಿ. ಮಾರ್ಚಿನ ಬಿಸಿಲಿನಲ್ಲಿ, ನದಿ ಎಲ್ಲಿದೆಯೆಂದು ನದಿಯೊಳಗೇ ನಿಂತು ಕೇಳಿದರಂತೆ. ಸುಗರಾಬಿ ಕೊಡ ಮುಂದಿಟ್ಟರು. ಓವರಸಿಯರ ಸಾಹೇಬರು ಮೂರು ತಂಬಿಗೆ ಕುಡಿದು, ಇಂಥ ನೀರು ಬೆಳಗಾವಿಯಲ್ಲೂ ಸಿಗದೆಂದು ಹೊಗಳಿ, ನಕ್ಷೆಯ ಆ ಜಾಗದಲ್ಲಿ ‘ನದಿ ಇಲ್ಲಿ ಖಚಿತವಾಗಿ ಇದೆ’ ಎಂದು ಬರೆದುಕೊಂಡರು. ಎಂಟು ದಿನಗಳೊಳಗೆ ಅಲ್ಲಿಯೇ ಹೊಳೆಯ ಎತ್ತರ ಅಳೆಯುವ ಸಿಮೆಂಟಿನ ಕಂಬವೂ ಅದರ ಸುತ್ತ ಆರಡಿ ಅಗಲದ ಕಟ್ಟೆಯೂ ನಿಂತವು. ಒರತೆ ಕಟ್ಟೆಯ ಕೆಳಗಿದೆ. ಅದೇ ನಮ್ಮ ಊರಿನ ಈ ಬೇಸಿಗೆಯ ಕುಡಿಯುವ ನೀರು.

ಕಂಬ ಸುಂದರವಾಗಿದೆಯೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಶಿವಯೋಗೆಪ್ಪನವರ ಎಮ್ಮೆಯಂತೂ ದಿನಕ್ಕೆರಡು ಸಲ ಬಂದು ಅದಕ್ಕೆ ಮೈ ಉಜ್ಜಿ ಹೋಗುತ್ತದೆ. ಹೀಗಾಗಿ ನಾಲ್ಕು ಮತ್ತು ಐದನೆಯ ಅಡಿಯ ಅಂಕಿಗಳು ಅಳಿಸಿವೆ; ಮಳೆಗಾಲದಲ್ಲಿ ಹೊಳೆಯು ಮೂರರಿಂದ ನೇರವಾಗಿ ಆರಕ್ಕೆ ಏರಬೇಕೆಂದು ತಾವು ಈಗಲೇ ಒಂದು ಸುತ್ತೋಲೆ ಹೊರಡಿಸುವುದು ಒಳ್ಳೆಯದು. ಅದೇ ಶಿವಯೋಗೆಪ್ಪನವರು ಮೊನ್ನೆ ಕಟ್ಟೆಯ ಮೇಲೆ ಕೂತು, “ಒಂದ ಕೊಡಾ ಕೊಟ್ಟು ಕಂಬಾ ತೊಗೊಂಡಿ ನೋಡಬೇ ಸುಗರವ್ವಾ, ಎರಡ ಕೊಟ್ಟಿದ್ರ ಬ್ರಿಜ್ಜ ಕಟ್ಟತಿದ್ರು” ಎಂದರು. ಎಲ್ಲರೂ ನಕ್ಕರು. ಸುಗರಾಬಿ ನಗಲಿಲ್ಲ. ಅಂದಿನಿಂದ ಹೆಂಗಸರು ಎರಡು ಮೈಲು ಆಚೆಯ ತೋಟದ ಬಾವಿಗೆ ಹೊರಡುವ ಹೊತ್ತಿಗೆ ಆಕೆ ತಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ.

ಕಟ್ಟೆಯನ್ನು ಒಡೆಯಲು ಅಪ್ಪಣೆ ಬೇಡಿ ನಾವು ಕೊಟ್ಟ ಅರ್ಜಿಗೆ ತಮ್ಮ ಕಚೇರಿಯಿಂದ ಉತ್ತರ ಬಂದಿದೆ. ಕಂಬದ ಕೆಳಗೆ ನೀರಿರುವುದು ಸಮಿತಿಗೆ ತಿಳಿದಿದೆ, ನೀರಿರುವುದರಿಂದಲೇ ಅಲ್ಲಿ ಕಂಬವಿದೆ, ಕುಡಿಯುವ ನೀರಿನ ವಿಷಯ ಮೂರನೆಯ ಹಂತದಲ್ಲಿ, ಅಂದರೆ ೨೦೩೧ರಲ್ಲಿ ಪರಿಶೀಲನೆಗೆ ಬರುತ್ತದೆ ಎಂದು ಅದರಲ್ಲಿದೆ. ಇಷ್ಟು ಮುಂದಾಲೋಚನೆ ನಮ್ಮ ಹಿರಿಯರಿಗೆ ಇರಲಿಲ್ಲ. ಅವರು ನೀರಡಿಸಿದ ದಿನವೇ ಕುಡಿದುಬಿಡುತ್ತಿದ್ದರು. ೨೦೩೧ರಲ್ಲಿ ನನಗೆ ನೂರಾಮೂರು ವರ್ಷ, ಸುಗರಾಬಿಗೆ ನೂರಾಹದಿನೇಳು. ಕೊಡ ಹೊರಲು ಇಬ್ಬರೂ ಬರುತ್ತೇವೆ, ಹೆಸರು ಬರೆದುಕೊಳ್ಳಿ. ಅಲ್ಲಿಯವರೆಗೆ ಊರಿನ ನೀರಡಿಕೆಯನ್ನು ಮುಂದೂಡಿ ಒಂದು ಆದೇಶ ಕೊಡಿಸಿದರೆ, ಎಳೆಯ ಮಕ್ಕಳಿಗೆ ಓದಿ ಹೇಳಲು ಅನುಕೂಲವಾಗುತ್ತದೆ.

ಅದು ಆಗದಿದ್ದರೆ ಇನ್ನೊಂದು ವಿನಂತಿ. ಕಂಬವನ್ನು ಕಿತ್ತು ತಮ್ಮ ಬಂಗಲೆಯ ಅಂಗಳದಲ್ಲಿ ನೆಡಿಸಿ, ನದಿಯನ್ನು ಅಲ್ಲಿಗೆ ಬರಹೇಳಿ. ಜಾಗ ಬದಲಿಸುವುದು ಡೋಣಿಗೆ ಹೊಸದಲ್ಲ, ಹೊಲಗಳನ್ನೇ ಈ ದಂಡೆಯಿಂದ ಆ ದಂಡೆಗೆ ಹಾಕಿದ ಹೊಳೆ ಅದು. ತಮ್ಮ ಮಾತು ಮೀರಲಾರದು. ಯೋಜನೆಯ ಇನ್ನೂರ ಹನ್ನೆರಡು ಪುಟಗಳಲ್ಲಿ ಹೂಳು, ಪ್ರವಾಹ, ದಂಡೆ, ಇಳಿಜಾರು ಎಲ್ಲವೂ ಇವೆ, ಎಲ್ಲಕ್ಕೂ ಕೋಷ್ಟಕವಿದೆ. ಉಸುಕನ್ನು ನಾಲಿಗೆಯ ಮೇಲಿಟ್ಟು ನೋಡಿದವರು ಯಾರೂ ಇಲ್ಲ. ಮುಂದಿನ ಸಭೆಯನ್ನು ಹೊಳೆಯೊಳಗೆ ಕರೆದು, ಚಹಾದ ಬದಲು ಸದಸ್ಯರಿಗೆಲ್ಲ ಒಂದೊಂದು ಚಿಟಿಕೆ ಹಂಚಬೇಕೆಂದು ಕೇಳಿಕೊಳ್ಳುತ್ತೇನೆ.

ಮಳೆ ಬರುವವರೆಗೆ ಆರಡಿ ಜಾಗ ಬಿಟ್ಟುಕೊಟ್ಟರೆ ಉಳಿದ ಹೊಳೆಯನ್ನೆಲ್ಲ ತಾವೇ ಇಟ್ಟುಕೊಳ್ಳಬಹುದೆಂದು ಒಪ್ಪುವ,

ತಮ್ಮ ವಿಶ್ವಾಸಿ,
ಕಾಶಿಬಾಯಿ

ತಾ.ಕ.: ಈ ಪತ್ರದ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಸುಗರಾಬಿ ಬಾಗಿಲಿಗೆ ಬಂದರು, ತುಟಿಗೆ ಉಸುಕು ಮೆತ್ತಿತ್ತು. ಒಂದೇ ಬೇಸಿಗೆಯಲ್ಲಿ ಎರಡನೆಯ ಸಲ ಹುಡುಕಿ ಒರತೆ ಸಿಕ್ಕಿದ್ದು ತನ್ನ ಆಯುಷ್ಯದಲ್ಲಿ ಇದೇ ಮೊದಲು ಎಂದರು. ಹಾಗಾದರೆ ಸಮಿತಿಯವರಿಗೆ ತಿಳಿಸೋಣ, ನಕ್ಷೆ ತಿದ್ದಿಕೊಳ್ಳಲಿ ಎಂದೆ. ಅದಕ್ಕೆ ಆಕೆ ಹೊಸ್ತಿಲಲ್ಲೇ ನಿಂತು ಹೇಳಿದ್ದನ್ನು, ತಮಗೆ ಸಂಬಂಧಿಸಿದ್ದಾದ್ದರಿಂದ, ಹಾಗೆಯೇ ಬರೆದಿದ್ದೇನೆ: “ಸಿಕ್ಕೈತಿ ಅಂತ ಬರೀರಿ ಬಾಯಾರ, ಎಲ್ಲಿ ಅಂತ ಬರೀಬ್ಯಾಡ್ರಿ. ಸಾಹೇಬ್ರಿಗೆ ನೀರಡಿಕಿ ಆದ್ರ ನಮ್ಮ ಮನಿಗೆ ಬರ್ಲಿ, ಹೊಟ್ಟಿ ತುಂಬ ಕುಡಸ್ತೇನಿ. ಜಾಗಾ ಮಾತ್ರ ತೋರಸೂದಿಲ್ಲ.”